ಹತ್ತು ದಿನಗಳ ಇಂಗ್ಲಿಷ್: ದಕ್ಷಿಣ ಕೊರಿಯಾದ ಮಕ್ಕಳ ರಜಾ ಶಿಬಿರಗಳು ಮತ್ತು ಭಾಷಾಬೋಧನೆಯ ಐದು ನಂಬಿಕೆಗಳು

ಸಾರಾಂಶ

ಶಾಲಾ ರಜೆಯ ದಿನಗಳಲ್ಲಿ ಮಕ್ಕಳಿಗಾಗಿ ನಡೆಸುವ ಇಂಗ್ಲಿಷ್ ಶಿಬಿರಗಳು ಅಲ್ಪಾವಧಿಯಲ್ಲಿ ಅಧಿಕ ಕಲಿಕೆಯ ಭರವಸೆಯನ್ನು ನೀಡುತ್ತವೆ. 1961ರ ಮಕೆರೆರೆ ಸಮ್ಮೇಳನದೊಡನೆ ಗುರುತಿಸಲಾಗುವ ಐದು ನಂಬಿಕೆಗಳೇ ಈ ಭರವಸೆಗೂ ಆಧಾರವಾಗಿವೆ ಎಂಬುದನ್ನು ದಕ್ಷಿಣ ಕೊರಿಯಾದ ನಿದರ್ಶನದ ಮೂಲಕ ಈ ಲೇಖನವು ವಿವರಿಸುತ್ತದೆ. ಶಿಬಿರದಲ್ಲಿ ದೊರೆಯುವ ಕಾಲದ ಲೆಕ್ಕ, ಸಿದ್ಧನುಡಿಗಳ ಪಾತ್ರ, ಮನೆಮಾತಿನ ನಿಷೇಧ, ಶಿಕ್ಷಕರ ಆಯ್ಕೆ ಮತ್ತು ತಿದ್ದುವ ಕ್ರಮ ಇವುಗಳನ್ನು ದ್ವಿತೀಯ ಭಾಷಾರ್ಜನೆಯ ಅಧ್ಯಯನಗಳ ಬೆಳಕಿನಲ್ಲಿ ಪರಿಶೀಲಿಸಲಾಗಿದೆ. ಶಿಬಿರದ ಸೀಮಿತ ಅವಧಿಯಲ್ಲಿ ಸಾಧ್ಯವಾಗುವ ಕಲಿಕೆಗೆ ಮಕ್ಕಳ ಮನೆಮಾತೂ ಸ್ಥಳೀಯ ಶಿಕ್ಷಕರೂ ಅಗತ್ಯವೆಂಬುದು ನಮ್ಮ ವಾದ.

ಮುಖ್ಯ ಪದಗಳು: ದ್ವಿತೀಯ ಭಾಷಾರ್ಜನೆ, ಇಂಗ್ಲಿಷ್ ಶಿಬಿರ, ಸಿದ್ಧನುಡಿ, ಪ್ರಥಮ ಭಾಷೆಯ ಬಳಕೆ, ದಕ್ಷಿಣ ಕೊರಿಯಾ

1. ಪೀಠಿಕೆ

ದ್ವಿತೀಯ ಭಾಷೆಯ ಕಲಿಕೆಯನ್ನು ಕುರಿತ ಅಧ್ಯಯನಗಳು ಬಹುಮಟ್ಟಿಗೆ ಎರಡು ಸನ್ನಿವೇಶಗಳನ್ನು ಆಧರಿಸಿವೆ. ಒಂದು, ವರ್ಷಗಟ್ಟಲೆ ನಡೆಯುವ ಶಾಲಾ ತರಗತಿ. ಇನ್ನೊಂದು, ಆ ಭಾಷೆಯನ್ನಾಡುವ ನಾಡಿಗೆ ವಲಸೆ ಹೋದವರ ಬದುಕು. ಇವೆರಡರ ನಡುವೆ ನಿಲ್ಲುವ ಮೂರನೆಯ ಸನ್ನಿವೇಶವೊಂದಿದೆ. ಮಕ್ಕಳು ತಮ್ಮ ನಾಡಿನಲ್ಲೇ ಇದ್ದು, ಶಾಲೆಗೆ ರಜೆ ಇರುವ ಎರಡು ಮೂರು ವಾರಗಳಲ್ಲಿ, ಹೊರದೇಶದಿಂದ ಬಂದ ಯುವ ಬೋಧಕರೊಡನೆ ಆಟ, ಹಾಡು, ಅಡುಗೆ, ನಾಟಕಗಳ ಮೂಲಕ ಇಂಗ್ಲಿಷ್ ಕಲಿಯುವ ಶಿಬಿರಗಳು ಈ ಬಗೆಯವು. ಯೂರೋಪಿನ ಹಲವು ದೇಶಗಳಲ್ಲಿಯೂ ಪೂರ್ವ ಏಷ್ಯಾದಲ್ಲಿಯೂ ಇವು ಸಾಮಾನ್ಯವಾಗಿವೆ. ತಂದೆತಾಯಿಗಳು ಇವುಗಳಿಗೆ ಹಣ ತೆರುತ್ತಾರೆ, ಸ್ಥಳೀಯ ಸರ್ಕಾರಗಳು ಅನುದಾನ ನೀಡುತ್ತವೆ, ಪದವಿ ಮುಗಿಸಿದ ತರುಣ ತರುಣಿಯರು ಬೋಧಕರಾಗಿ ಹೊರಡುತ್ತಾರೆ. ಆದರೆ ಹತ್ತು ಹನ್ನೆರಡು ದಿನಗಳಲ್ಲಿ ಮಗುವಿನ ಭಾಷೆಯಲ್ಲಿ ಏನು ಬದಲಾಗಬಹುದು, ಏನು ಬದಲಾಗಲಾರದು ಎಂಬ ಪ್ರಶ್ನೆಗೆ ಪ್ರಚಾರಪತ್ರಗಳಲ್ಲಿ ಸಿಗುವ ಉತ್ತರಕ್ಕೂ ಭಾಷಾವಿಜ್ಞಾನ ನೀಡಬಲ್ಲ ಉತ್ತರಕ್ಕೂ ಬಹಳ ಅಂತರವಿದೆ.

ಪ್ರಸ್ತುತ ಲೇಖನದಲ್ಲಿ ನಾವು ಈ ಅಂತರವನ್ನು ದಕ್ಷಿಣ ಕೊರಿಯಾದ ಶಿಬಿರಗಳ ನಿದರ್ಶನದಿಂದ ವಿವರಿಸಲು ಪ್ರಯತ್ನಿಸಿದ್ದೇವೆ. ಈ ಆಯ್ಕೆಗೆ ಎರಡು ಕಾರಣಗಳಿವೆ. ಮೊದಲನೆಯದಾಗಿ, ಶಿಬಿರವನ್ನು ಸಾರ್ವಜನಿಕ ಶಿಕ್ಷಣನೀತಿಯ ಅಂಗವಾಗಿ ಬೆಳೆಸಿದ ದೇಶಗಳಲ್ಲಿ ಕೊರಿಯಾ ಮುಖ್ಯವಾದುದು. ಎರಡನೆಯದಾಗಿ, ಕೊರಿಯನ್ ಭಾಷೆಯ ರಚನೆಯು ಹಲವು ಮುಖಗಳಲ್ಲಿ ಕನ್ನಡವನ್ನು ಹೋಲುತ್ತದೆ. ಎರಡೂ ಕರ್ತೃ-ಕರ್ಮ-ಕ್ರಿಯಾಪದ ಕ್ರಮವನ್ನುಳ್ಳ ಅಂಟುಭಾಷೆಗಳು. ಎರಡರಲ್ಲೂ ವಿಭಕ್ತಿಸೂಚಕಗಳು ನಾಮಪದದ ನಂತರ ಬರುತ್ತವೆ. ಎರಡರಲ್ಲೂ ಗೌರವಸೂಚಕ ರೂಪಗಳಿವೆ. ಹೋಮರ್ ಹಲ್ಬರ್ಟ್ 20ನೆಯ ಶತಮಾನದ ಆರಂಭದಲ್ಲಿ ಕೊರಿಯನ್ ಮತ್ತು ದ್ರಾವಿಡ ಭಾಷೆಗಳ ತೌಲನಿಕ ವ್ಯಾಕರಣವನ್ನೇ ಬರೆದಿದ್ದರು. ಆ ವಂಶಸಂಬಂಧವನ್ನು ಇಂದಿನ ಭಾಷಾವಿಜ್ಞಾನ ಒಪ್ಪುವುದಿಲ್ಲವಾದರೂ ರಚನೆಯ ಸಾಮ್ಯ ಉಳಿದೇ ಇದೆ. ಆದುದರಿಂದ ಕೊರಿಯದ ಮಗುವಿಗೆ ಇಂಗ್ಲಿಷಿನಲ್ಲಿ ಎದುರಾಗುವ ತೊಡಕುಗಳನ್ನು ಕನ್ನಡದ ಓದುಗರು ತಮ್ಮ ಭಾಷಾನುಭವದಿಂದಲೇ ಗ್ರಹಿಸಬಹುದು.

2. ಕೊರಿಯಾದ ಸಂದರ್ಭ

ದಕ್ಷಿಣ ಕೊರಿಯಾದ ಪ್ರಾಥಮಿಕ ಶಾಲೆಗಳಲ್ಲಿ 1997ರಿಂದ ಮೂರನೆಯ ತರಗತಿಯಲ್ಲಿ ಇಂಗ್ಲಿಷ್ ಕಡ್ಡಾಯ ವಿಷಯವಾಯಿತು. ಇದಕ್ಕೆ ಎರಡು ವರ್ಷ ಮೊದಲು, 1995ರಲ್ಲಿ, ಇಂಗ್ಲಿಷ್ ಮಾತೃಭಾಷೆಯಾಗಿರುವ ದೇಶಗಳಿಂದ ಶಿಕ್ಷಕರನ್ನು ಕರೆತಂದು ಸರ್ಕಾರಿ ಶಾಲೆಗಳಲ್ಲಿ ನೇಮಿಸುವ ಎಪಿಕ್ ಯೋಜನೆ ಆರಂಭವಾಗಿತ್ತು. ಈ ಶಿಕ್ಷಕರು ಶಾಲೆಯ ದಿನಗಳಲ್ಲಿ ಕೊರಿಯನ್ ಶಿಕ್ಷಕರೊಡನೆ ಜೊತೆಗೂಡಿ ಪಾಠ ಮಾಡುತ್ತಾರೆ; ಬೇಸಿಗೆ ಮತ್ತು ಚಳಿಗಾಲದ ರಜೆಗಳಲ್ಲಿ ಅದೇ ಶಾಲೆಯಲ್ಲಿ ಇಂಗ್ಲಿಷ್ ಶಿಬಿರ ನಡೆಸುವುದೂ ಅವರ ಹೊಣೆಗಳಲ್ಲೊಂದು. ಖಾಸಗಿ ಸಂಸ್ಥೆಗಳ ಶಿಬಿರಗಳು ಇವುಗಳ ಜೊತೆಗೆ ಬೆಳೆದವು.

ಇದೇ ಕಾಲದಲ್ಲಿ ಮಕ್ಕಳನ್ನು ಚಿಕ್ಕ ವಯಸ್ಸಿನಲ್ಲೇ ಇಂಗ್ಲಿಷ್ ಮಾತನಾಡುವ ದೇಶಗಳಿಗೆ ಓದಲು ಕಳುಹಿಸುವ ಪದ್ಧತಿ ಪ್ರಬಲವಾಯಿತು. 2006ರ ಒಂದೇ ವರ್ಷದಲ್ಲಿ ಹೀಗೆ ಹೊರಟ ಶಾಲಾಮಕ್ಕಳ ಸಂಖ್ಯೆ ಸುಮಾರು 29,500. ತಾಯಿ ಮಕ್ಕಳೊಡನೆ ಹೊರದೇಶದಲ್ಲಿದ್ದು, ತಂದೆ ಊರಿನಲ್ಲೇ ಉಳಿದು ದುಡಿದು ಹಣ ಕಳುಹಿಸುವ ಕುಟುಂಬಗಳು ಎಷ್ಟು ಹೆಚ್ಚಿದವೆಂದರೆ, ಅಂಥ ತಂದೆಯನ್ನು ಕೊರಿಯನ್ನರು ‘ಕಾಡುಬಾತು ಅಪ್ಪ’ ಎಂದು ಕರೆಯತೊಡಗಿದರು. ಹೊರದೇಶಕ್ಕೆ ಹೋಗಲಾಗದವರಿಗೆ ಹೊರದೇಶವನ್ನೇ ಇಲ್ಲಿಗೆ ತರುವ ಉದ್ದೇಶದಿಂದ ಗ್ಯೊಂಗಿ ಪ್ರಾಂತ್ಯದ ಸರ್ಕಾರ 2004ರಲ್ಲಿ ಆನ್ಸಾನಿನಲ್ಲಿಯೂ 2006ರಲ್ಲಿ ಪಾಜುವಿನಲ್ಲಿಯೂ ‘ಇಂಗ್ಲಿಷ್ ಗ್ರಾಮ’ಗಳನ್ನು ತೆರೆಯಿತು. ಪಾಜುವಿನ ಗ್ರಾಮದಲ್ಲಿ ಪಾಶ್ಚಾತ್ಯ ಪಟ್ಟಣವೊಂದರ ಮಾದರಿಯ ಬೀದಿ, ಅಂಗಡಿ, ಬ್ಯಾಂಕು, ಅಂಚೆ ಕಚೇರಿಗಳಿದ್ದವು. ಒಳಗೆ ಬರುವ ಮಗು ವಿಮಾನ ನಿಲ್ದಾಣದಲ್ಲಿರುವಂತಹ ವಲಸೆ ತಪಾಸಣೆಯ ಕಟ್ಟೆಯನ್ನು ಹಾದುಬರಬೇಕಿತ್ತು. ಇವುಗಳನ್ನು ನೋಡಿ ಇತರ ಆಡಳಿತಗಳೂ ಇಂತಹ ಗ್ರಾಮಗಳನ್ನು ಕಟ್ಟಿದವು. ಮುಂದೆ ಇವುಗಳಲ್ಲಿ ಹಲವು ನಷ್ಟಕ್ಕೊಳಗಾಗಿ ಮುಚ್ಚಿದವು ಇಲ್ಲವೆ ಬೇರೆ ಉದ್ದೇಶಗಳಿಗೆ ಬಳಕೆಯಾದವು.

ತಪಾಸಣೆಯ ಆ ಕಟ್ಟೆ ನಮಗೆ ಮುಖ್ಯವೆನಿಸುತ್ತದೆ. ಕೊರಿಯಾದಲ್ಲಿ ಇಂಗ್ಲಿಷನ್ನು ಸುತ್ತುವರಿದಿರುವ ಧೋರಣೆಗಳನ್ನು ವಿಶ್ಲೇಷಿಸಿದ ಜೋಸೆಫ್ ಪಾರ್ಕ್ (2009) ಮೂರು ಎಳೆಗಳನ್ನು ಗುರುತಿಸುತ್ತಾರೆ: ಇಂಗ್ಲಿಷ್ ಅನಿವಾರ್ಯ ಎಂಬುದು, ಇಂಗ್ಲಿಷ್ ಹೊರಗಿನವರದು ಎಂಬುದು, ನಾವು ಕೊರಿಯನ್ನರು ಇಂಗ್ಲಿಷಿನಲ್ಲಿ ಅಸಮರ್ಥರು ಎಂಬುದು. ಇಂಗ್ಲಿಷಿಗಾಗಿ ಗಡಿಯೊಂದನ್ನು ದಾಟಬೇಕೆಂದು ಮಗುವಿಗೆ ಕಲಿಸುವ ಶಿಬಿರವು ಈ ಮೂರನ್ನೂ ಒಟ್ಟಿಗೆ ಬೋಧಿಸುತ್ತದೆ. ಪಾಠಪಟ್ಟಿಯಲ್ಲಿ ಇಲ್ಲದಿದ್ದರೂ ಮಗು ಮೊದಲು ಕಲಿಯುವ ಪಾಠ ಅದೇ ಆಗಬಹುದು.

3. ಮಕೆರೆರೆಯ ಐದು ನಂಬಿಕೆಗಳು

ಉಗಾಂಡಾದ ಮಕೆರೆರೆಯಲ್ಲಿ 1961ರಲ್ಲಿ ಕಾಮನ್‌ವೆಲ್ತ್ ದೇಶಗಳ ಇಂಗ್ಲಿಷ್ ಬೋಧನೆಯನ್ನು ಕುರಿತ ಸಮ್ಮೇಳನವೊಂದು ನಡೆಯಿತು. ಅಲ್ಲಿ ರೂಪುಗೊಂಡ ಚಿಂತನೆಯಲ್ಲಿ ಐದು ನಂಬಿಕೆಗಳು ಅಡಗಿವೆಯೆಂದೂ ಐದೂ ತರ್ಕಾಭಾಸಗಳೆಂದೂ ರಾಬರ್ಟ್ ಫಿಲಿಪ್ಸನ್ (1992) ವಾದಿಸಿದರು. ಇಂಗ್ಲಿಷನ್ನು ಇಂಗ್ಲಿಷಿನ ಮೂಲಕವೇ ಕಲಿಸಬೇಕು. ಇಂಗ್ಲಿಷ್ ಮಾತೃಭಾಷೆಯಾದವರೇ ಆದರ್ಶ ಶಿಕ್ಷಕರು. ಎಷ್ಟು ಬೇಗ ಆರಂಭಿಸಿದರೆ ಅಷ್ಟು ಒಳ್ಳೆಯದು. ಎಷ್ಟು ಹೆಚ್ಚು ಕಲಿಸಿದರೆ ಅಷ್ಟು ಒಳ್ಳೆಯದು. ಬೇರೆ ಭಾಷೆಗಳನ್ನು ಹೆಚ್ಚು ಬಳಸಿದರೆ ಇಂಗ್ಲಿಷಿನ ಮಟ್ಟ ಕುಸಿಯುತ್ತದೆ. ಇವು ಆ ಐದು ನಂಬಿಕೆಗಳು.

ಶಾಲೆಯ ತರಗತಿಯಲ್ಲಿ ಈ ಐದೂ ಒಟ್ಟಿಗೆ ಸಂಪೂರ್ಣವಾಗಿ ಜಾರಿಯಾಗುವುದು ವಿರಳ. ಶಿಕ್ಷಕರು ಸ್ಥಳೀಯರಾಗಿರುತ್ತಾರೆ, ಮನೆಮಾತು ಹೇಗೋ ನುಸುಳುತ್ತದೆ, ವೇಳಾಪಟ್ಟಿಯಲ್ಲಿ ಬೇರೆ ವಿಷಯಗಳೂ ಇರುತ್ತವೆ. ರಜಾ ಶಿಬಿರದಲ್ಲಾದರೋ ಇಂತಹ ಅಡ್ಡಿಗಳು ಕಡಿಮೆ. ಹೊರದೇಶದ ಬೋಧಕ, ಚಿಕ್ಕ ಮಕ್ಕಳು, ಇಡೀ ದಿನದ ಇಂಗ್ಲಿಷ್, ಮನೆಮಾತಿಗೆ ದಂಡ ಅಥವಾ ಅಂಕಕಡಿತ ಎಲ್ಲವೂ ಒಂದೆಡೆ ಸೇರುತ್ತವೆ. ಈ ಅರ್ಥದಲ್ಲಿ ಶಿಬಿರವು ಐದು ನಂಬಿಕೆಗಳನ್ನು ಒಟ್ಟಿಗೆ ಪರೀಕ್ಷಿಸಬಹುದಾದ ಸ್ಥಳ. ಮುಂದಿನ ಭಾಗಗಳಲ್ಲಿ ಅವುಗಳನ್ನು ಕ್ರಮವಾಗಿ ಪರಿಶೀಲಿಸುತ್ತೇವೆ. ಮೊದಲನೆಯ ಮತ್ತು ಐದನೆಯ ನಂಬಿಕೆಗಳು ಶಿಬಿರದ ಮಟ್ಟಿಗೆ ಒಂದೇ ನಿಯಮವಾಗಿ ಕಾಣಿಸಿಕೊಳ್ಳುವುದರಿಂದ ಅವನ್ನು ಒಟ್ಟಿಗೆ ಚರ್ಚಿಸಲಾಗಿದೆ.

4. ವಯಸ್ಸು ಮತ್ತು ಕಾಲದ ಲೆಕ್ಕ

‘ಬೇಗ ಆರಂಭಿಸಬೇಕು’ ಎಂಬ ನಂಬಿಕೆಗೆ ಲೆನೆಬರ್ಗ್ (1967) ಮಂಡಿಸಿದ ನಿರ್ಣಾಯಕ ಅವಧಿಯ ಊಹೆಯನ್ನೂ ಜಾನ್ಸನ್ ಮತ್ತು ನ್ಯೂಪೋರ್ಟ್ (1989) ಅವರ ಅಧ್ಯಯನವನ್ನೂ ಆಧಾರವಾಗಿ ನೀಡುವುದುಂಟು. ಎರಡನೆಯ ಅಧ್ಯಯನದಲ್ಲಿ ಭಾಗವಹಿಸಿದ 46 ಮಂದಿಯೂ ಕೊರಿಯನ್ ಅಥವಾ ಚೀನೀ ಮಾತೃಭಾಷೆಯವರಾದುದರಿಂದ ಕೊರಿಯಾದ ಪೋಷಕರಿಗೆ ಅದು ತಮ್ಮನ್ನೇ ಕುರಿತದ್ದೆನಿಸುವುದು ಸಹಜ. ಆದರೆ ಆ 46 ಮಂದಿ ಅಮೆರಿಕಕ್ಕೆ ವಲಸೆ ಹೋಗಿ ಅಲ್ಲಿಯೇ ವರ್ಷಗಟ್ಟಲೆ ಬದುಕಿದ್ದವರು. ಬೇಗ ಬಂದವರ ಲಾಭವು ಆ ಸುದೀರ್ಘ ಒಡನಾಟದ ಮೂಲಕ ಪ್ರಕಟವಾದುದು. ಕಲಿಕೆಯ ಗಂಟೆಗಳು ಪರಿಮಿತವಾಗಿರುವ ಶಾಲೆಯಲ್ಲಿ ಚಿತ್ರ ಬದಲಾಗುತ್ತದೆ. ಬಾರ್ಸೆಲೋನಾದಲ್ಲಿ ಕಾರ್ಮೆನ್ ಮುನ್ಯೋಸ್ (2006) ಮತ್ತು ಸಂಗಡಿಗರು 8ನೆಯ ವಯಸ್ಸಿನಲ್ಲಿ ಹಾಗೂ 11ನೆಯ ವಯಸ್ಸಿನಲ್ಲಿ ಇಂಗ್ಲಿಷ್ ಆರಂಭಿಸಿದ ಮಕ್ಕಳನ್ನು 200, 416 ಮತ್ತು 726 ಗಂಟೆಗಳ ಪಾಠದ ನಂತರ ಹೋಲಿಸಿದರು. ಸಮಾನ ಗಂಟೆಗಳ ಪಾಠ ಪಡೆದಾಗ ತಡವಾಗಿ ಆರಂಭಿಸಿದವರೇ ಒಟ್ಟಾರೆ ಮುಂದಿದ್ದರು. ಚಿಕ್ಕ ಮಕ್ಕಳ ಅಪ್ರಜ್ಞಾಪೂರ್ವಕ ಕಲಿಕೆಗೆ ಅಪಾರವಾದ ಭಾಷಾಸಂಪರ್ಕ ಬೇಕು; ಅದು ದೊರೆಯದೆಡೆ ಹಿರಿಯ ಮಕ್ಕಳ ವಿಶ್ಲೇಷಣಾಶಕ್ತಿಯೇ ಹೆಚ್ಚು ಫಲ ನೀಡುತ್ತದೆ.

ಶಿಬಿರದಲ್ಲಿ ಎಷ್ಟು ಗಂಟೆಗಳು ದೊರೆಯುತ್ತವೆ? ಕೊರಿಯಾದ 2015ರ ಪರಿಷ್ಕೃತ ಪಠ್ಯಕ್ರಮವು ಮೂರು-ನಾಲ್ಕನೆಯ ತರಗತಿಗಳಿಗೆ ಒಟ್ಟು 136, ಐದು-ಆರನೆಯ ತರಗತಿಗಳಿಗೆ ಒಟ್ಟು 204 ಇಂಗ್ಲಿಷ್ ಪೀರಿಯಡ್‌ಗಳನ್ನು ನಿಗದಿಪಡಿಸಿತು. ಪ್ರಾಥಮಿಕ ಶಾಲೆಯ ಒಂದು ಪೀರಿಯಡ್ 40 ನಿಮಿಷದ್ದು. ಹಾಗಾಗಿ ನಾಲ್ಕು ವರ್ಷಗಳ 340 ಪೀರಿಯಡ್‌ಗಳೆಂದರೆ 226 ಗಂಟೆ 40 ನಿಮಿಷ. ಮುನ್ಯೋಸ್ ಅವರ ಮೊದಲ ಮಾಪನಬಿಂದುವಾದ 200 ಗಂಟೆಗಳನ್ನು ಕೊರಿಯದ ಮಗು ತನ್ನ ಶಾಲೆಯಲ್ಲಿ ತಲುಪುವುದು ಆರನೆಯ ತರಗತಿಯಲ್ಲಿ. ಇನ್ನು, ದಿನಕ್ಕೆ ನಾಲ್ಕು ಪೀರಿಯಡ್‌ಗಳಂತೆ ಹತ್ತು ದಿನ ನಡೆಯುವ ಶಿಬಿರವೊಂದನ್ನು ಊಹಿಸಿಕೊಳ್ಳೋಣ. ಅದರ ಒಟ್ಟು ಅವಧಿ 26 ಗಂಟೆ 40 ನಿಮಿಷ. ನಾಲ್ಕು ವರ್ಷಗಳ ಶಾಲಾ ಇಂಗ್ಲಿಷಿನ ಸುಮಾರು ಶೇ. 12. ಇದು ಅಲಕ್ಷಿಸಬಹುದಾದ ಪ್ರಮಾಣವಲ್ಲ. ಎರಡು ವಾರಗಳಲ್ಲಿ ಶಾಲೆ ಮೂರನೆಯ ತರಗತಿಯ ಮಗುವಿಗೆ ನೀಡುವ ನಾಲ್ಕು ಪೀರಿಯಡ್‌ಗಳ ಬದಲು ಶಿಬಿರವು ನಲವತ್ತನ್ನು ನೀಡುತ್ತದೆ.

ಹೀಗೆ ಒತ್ತಾಗಿ ದೊರೆಯುವ ಪಾಠಕ್ಕೆ ತನ್ನದೇ ಆದ ಬೆಲೆಯಿದೆ. ಕೆನಡಾದ ಕ್ಯುಬೆಕ್ ಪ್ರಾಂತ್ಯದ ತೀವ್ರ ಇಂಗ್ಲಿಷ್ ತರಗತಿಗಳನ್ನು ಅಧ್ಯಯನ ಮಾಡಿದ ಕಾಲಿನ್ಸ್ ಮತ್ತು ಸಂಗಡಿಗರು (1999) ಚದುರಿದ ಗಂಟೆಗಳಿಗಿಂತ ಒಟ್ಟುಗೂಡಿಸಿದ ಗಂಟೆಗಳು ಹೆಚ್ಚು ಫಲ ನೀಡುವುದನ್ನು ತೋರಿಸಿದ್ದಾರೆ. ಆದರೆ ಅಲ್ಲಿನ ತೀವ್ರ ತರಗತಿಗಳು ತಿಂಗಳುಗಟ್ಟಲೆ ನಡೆದು ನೂರಾರು ಗಂಟೆಗಳಷ್ಟಾಗುತ್ತವೆ. ಅವುಗಳ ಫಲವನ್ನು 27 ಗಂಟೆಗಳ ಶಿಬಿರದಿಂದ ನಿರೀಕ್ಷಿಸಲಾಗದು.

ಇದಕ್ಕಿಂತ ಮುಖ್ಯವಾದ ಲೆಕ್ಕ ಇನ್ನೊಂದಿದೆ. 15 ಮಕ್ಕಳ ಗುಂಪಿನಲ್ಲಿ, 40 ನಿಮಿಷಗಳ ಪೀರಿಯಡ್‌ನ ಅರ್ಧವನ್ನು ಬೋಧಕರ ಮಾತೇ ತೆಗೆದುಕೊಂಡಿತೆನ್ನಿ. ಉಳಿದ 20 ನಿಮಿಷಗಳಲ್ಲಿ ಮಕ್ಕಳು ಒಬ್ಬೊಬ್ಬರಾಗಿ ಮಾತನಾಡಿದರೆ ತಲಾ 80 ಸೆಕೆಂಡುಗಳು ಸಿಗುತ್ತವೆ. ಇಡೀ ಶಿಬಿರದಲ್ಲಿ ಒಂದು ಮಗುವಿನ ಪಾಲಿಗೆ ಸುಮಾರು 53 ನಿಮಿಷ. ಅದೇ 20 ನಿಮಿಷಗಳನ್ನು ಇಬ್ಬಿಬ್ಬರ ಜೋಡಿ ಚಟುವಟಿಕೆಗೆ ಬಿಟ್ಟುಕೊಟ್ಟರೆ ಪ್ರತಿ ಮಗುವಿಗೂ ಪೀರಿಯಡ್‌ಗೆ ಹತ್ತು ನಿಮಿಷ, ಶಿಬಿರಕ್ಕೆ 6 ಗಂಟೆ 40 ನಿಮಿಷಗಳ ಅವಕಾಶವಿರುತ್ತದೆ. ಅಂದರೆ ಮಗು ಮಾತನಾಡುವ ಕಾಲವನ್ನು ನಿರ್ಧರಿಸುವುದು ಶಿಬಿರದ ಉದ್ದಕ್ಕಿಂತ ಹೆಚ್ಚಾಗಿ ಮಾತಿನ ಹಂಚಿಕೆ. ‘ಹೆಚ್ಚು ಕಲಿಸಿದಷ್ಟೂ ಒಳ್ಳೆಯದು’ ಎಂಬ ನಂಬಿಕೆಯು ಕೇಳಿಸುವ ಇಂಗ್ಲಿಷನ್ನು ಎಣಿಸುತ್ತದೆ, ಆಡುವ ಇಂಗ್ಲಿಷನ್ನು ಎಣಿಸುವುದಿಲ್ಲ.

5. ಹತ್ತು ದಿನಗಳಲ್ಲಿ ಏನು ಕಲಿಯಬಹುದು?

ಮೊದಲು, ಏನು ಕಲಿಯಲಾಗದು ಎಂಬುದನ್ನು ನೋಡೋಣ. ಇಂಗ್ಲಿಷಿನ ಆಕೃತಿಮಾಗಳು ಎಲ್ಲ ಕಲಿಯುವವರಿಗೂ ಒಂದೇ ಅನುಕ್ರಮದಲ್ಲಿ ದಕ್ಕುತ್ತವೆ ಎಂಬ ಹಳೆಯ ಅಭಿಪ್ರಾಯವನ್ನು ಲುಕ್ ಮತ್ತು ಶಿರಾಯಿ (2009) ಮರುಪರಿಶೀಲಿಸಿದ್ದಾರೆ. ಕೊರಿಯನ್, ಜಪಾನೀ ಮತ್ತು ಚೀನೀ ಮಾತೃಭಾಷೆಯವರಿಗೆ ಸಂಬಂಧಸೂಚಕ ‘ಸ್’ ಪ್ರತ್ಯಯ ಬೇಗ ದಕ್ಕುತ್ತದೆ. ಬಹುವಚನದ ‘ಸ್’ ಮತ್ತು ‘ಎ’, ‘ದಿ’ ಎಂಬ ಆರ್ಟಿಕಲ್‌ಗಳು ತಡವಾಗಿ ದಕ್ಕುತ್ತವೆ. ಕಾರಣ ಕನ್ನಡಿಗರಿಗೆ ಅಪರಿಚಿತವಲ್ಲ. ‘ಅಣ್ಣನ ಪುಸ್ತಕ’ ಎಂಬಲ್ಲಿ ಒಡೆಯನ ಹೆಸರು ಮೊದಲು, ಪ್ರತ್ಯಯ ನಂತರ, ವಸ್ತು ಕೊನೆಗೆ ಬರುವ ಕ್ರಮ ಕನ್ನಡಕ್ಕೂ ಕೊರಿಯನ್ನಿಗೂ ಇಂಗ್ಲಿಷಿನ ಈ ರಚನೆಗೂ ಸಮಾನ. ಆದರೆ ‘ಮೂರು ಪುಸ್ತಕ ಕೊಡಿ’ ಎಂದು ಬಹುವಚನ ಪ್ರತ್ಯಯವಿಲ್ಲದೆ ಹೇಳುವುದು ಕನ್ನಡದಲ್ಲಿ ಸರಿಯಾದ ವಾಕ್ಯ. ಸಂಖ್ಯೆಯೊಡನೆ ಕೊರಿಯನ್ನಿನಲ್ಲಿಯೂ ಬಹುವಚನ ಸೂಚಕ ಬೇಕಿಲ್ಲ. ಆರ್ಟಿಕಲ್ ಎರಡು ಭಾಷೆಗಳಲ್ಲೂ ಇಲ್ಲ. ಮನೆಮಾತಿನಲ್ಲಿ ವ್ಯಾಕರಣದ ಅಂಗವಾಗಿಲ್ಲದ ವಿವಕ್ಷೆಯೊಂದನ್ನು ಹೊಸದಾಗಿ ಸ್ಥಾಪಿಸಿಕೊಳ್ಳಲು ಹತ್ತು ದಿನ ಸಾಲದು.

ಧ್ವನಿವ್ಯವಸ್ಥೆಯ ವಿಚಾರವೂ ಹೀಗೆಯೇ. ಇಂಗ್ಲಿಷಿನ ಏಕಾಕ್ಷರಿ ‘ಸ್ಟ್ರೈಕ್’ ಕೊರಿಯನ್ನಿನಲ್ಲಿ ‘ಸು-ತು-ರಾ-ಇ-ಕು’ ಎಂಬಂತೆ ಐದು ಅಕ್ಷರಗಳಾಗುತ್ತದೆ. ಸಂಯುಕ್ತ ವ್ಯಂಜನವನ್ನು ಒಡೆಯಲೂ ಪದಾಂತ್ಯದ ವ್ಯಂಜನಕ್ಕೆ ಆಸರೆಯಾಗಲೂ ಸ್ವರಾಗಮ ಉಂಟಾಗುತ್ತದೆ. ಕನ್ನಡವು ಪದಾದಿಯ ಸಂಯುಕ್ತವನ್ನು ಸಹಿಸಿ ಕೊನೆಯಲ್ಲಿ ಮಾತ್ರ ‘ಉ’ಕಾರವನ್ನು ಸೇರಿಸಿ ‘ಸ್ಟ್ರೈಕು’, ‘ಬಸ್ಸು’, ‘ಕಾರು’ ಎನ್ನುತ್ತದೆ. ಸಾಲಪದಗಳ ಮೂಲಕ ಮಗುವಿನ ಕಿವಿಗೆ ಈಗಾಗಲೇ ಒಗ್ಗಿಹೋಗಿರುವ ಈ ರೂಪಗಳನ್ನು ಶಿಬಿರದ ಬೋಧಕರು ಅಸಡ್ಡೆಯ ಉಚ್ಚಾರಣೆಯೆಂದು ಭಾವಿಸುವ ಸಂಭವವಿದೆ. ಅವು ಅಸಡ್ಡೆಯ ಫಲಗಳಲ್ಲ, ಮನೆಮಾತಿನ ಅಕ್ಷರರಚನೆಯ ನಿಯಮದ ಫಲಗಳು ಎಂದು ತಿಳಿದ ಬೋಧಕರು ತಿದ್ದುವ ಬಗೆಯೇ ಬೇರೆಯಾಗುತ್ತದೆ.

ಹಾಗಾದರೆ ದಕ್ಕುವುದೇನು? ಕ್ಯಾಲಿಫೋರ್ನಿಯಾದಲ್ಲಿ ಸ್ಪ್ಯಾನಿಷ್ ಮಾತೃಭಾಷೆಯ ಐವರು ಮಕ್ಕಳನ್ನು ಒಂದು ಶಾಲಾವರ್ಷ ಗಮನಿಸಿದ ಲಿಲಿ ವಾಂಗ್ ಫಿಲ್ಮೋರ್ (1976) ಅವರ ಅಧ್ಯಯನ ಇಲ್ಲಿ ನೆರವಾಗುತ್ತದೆ. ಆ ಮಕ್ಕಳು ಮೊದಲು ಕಲಿತದ್ದು ಬಿಡಿಸಿ ನೋಡದ ಇಡಿಯ ನುಡಿಗಟ್ಟುಗಳನ್ನು. ಅವುಗಳನ್ನು ನಾವು ಸಿದ್ಧನುಡಿಗಳೆಂದು ಕರೆಯುತ್ತೇವೆ. ಬಳಸುತ್ತ ಹೋದಂತೆ ನುಡಿಯ ಒಂದು ಭಾಗ ಸಡಿಲಗೊಂಡು ಅಲ್ಲಿ ಬೇರೆ ಪದಗಳು ಬಂದು ಕೂರುತ್ತವೆ. ಹಾಗೆ ಸಡಿಲಗೊಳ್ಳುತ್ತಲೇ ವ್ಯಾಕರಣ ಮೂಡುತ್ತದೆ. ಶಿಬಿರದ ಅಂಗಡಿಯಾಟದಲ್ಲಿ ಮಗು ‘ಕ್ಯಾನ್ ಐ ಹ್ಯಾವ್ ದಿಸ್’ ಎಂಬುದನ್ನು ಒಂದೇ ಪದವೆಂಬಂತೆ ಕಲಿಯುತ್ತದೆ. ನಾಲ್ಕನೆಯ ದಿನ ‘ದಿಸ್’ ಇದ್ದೆಡೆ ‘ಆ್ಯಪಲ್’ ಬಂದರೆ ಆರ್ಟಿಕಲ್ ತಪ್ಪಿದೆಯೆಂದು ಕೊರಗಬೇಕಿಲ್ಲ. ಇಡಿಯಾಗಿದ್ದ ನುಡಿ ಬಿರಿಯಲಾರಂಭಿಸಿದೆ ಎಂಬುದಕ್ಕೆ ಅದೇ ಮೊದಲ ಸಾಕ್ಷಿ.

ಫಿಲ್ಮೋರ್ ಗುರುತಿಸಿದ ಸಾಮಾಜಿಕ ಉಪಾಯಗಳು ಇನ್ನೂ ಗಮನಾರ್ಹ. ಬೇಗ ಕಲಿತ ಮಕ್ಕಳು ಅರ್ಥವಾಗದಿದ್ದರೂ ಆದಂತೆ ನಟಿಸಿ ಗುಂಪನ್ನು ಸೇರುತ್ತಿದ್ದರು, ಕೆಲವೇ ನುಡಿಗಳಿಂದ ಭಾಷೆ ಬಲ್ಲವರೆಂಬ ಭಾವನೆ ಹುಟ್ಟಿಸುತ್ತಿದ್ದರು, ಉಳಿದುದಕ್ಕೆ ಗೆಳೆಯರ ನೆರವನ್ನು ನಂಬುತ್ತಿದ್ದರು. ಈ ಮೂರೂ ನಡೆಯಬೇಕಾದರೆ ಒಂದು ಆಟ, ಒಂದು ಗುಂಪು ಮತ್ತು ಮತ್ತೆ ಮತ್ತೆ ಬರುವ ಒಂದು ಸಂದರ್ಭ ಬೇಕು. ಶಾಲೆಯ ತರಗತಿ ಅಪರೂಪಕ್ಕೆ ನೀಡುವ ಇವನ್ನು ಶಿಬಿರ ದಿನವೂ ನೀಡಬಲ್ಲದು. ಮೆಕಿಂಟೈರ್ ಮತ್ತು ಸಂಗಡಿಗರು (1998) ಮಂಡಿಸಿದ ‘ಸಂವಾದಕ್ಕೆ ತೊಡಗುವ ಮನಸ್ಸು’ ಎಂಬ ಪರಿಕಲ್ಪನೆಯೂ ಇದನ್ನೇ ಬೆಂಬಲಿಸುತ್ತದೆ: ಭಾಷಾಜ್ಞಾನ ಇದ್ದೂ ಮಾತನಾಡದಿರುವವರಿದ್ದಾರೆ, ಮಾತನಾಡಲು ಮನಸ್ಸು ಮಾಡುವುದು ಪ್ರತ್ಯೇಕವಾಗಿ ಬೆಳೆಯಬೇಕಾದ ಸಾಮರ್ಥ್ಯ. ‘ನಾವು ಇಂಗ್ಲಿಷಿನಲ್ಲಿ ಅಸಮರ್ಥರು’ ಎಂಬ ಭಾವನೆ ಆಳವಾಗಿ ಬೇರೂರಿರುವ ಸಮಾಜದಲ್ಲಿ ಇದರ ಬೆಲೆ ಇನ್ನೂ ಹೆಚ್ಚು.

6. ಮನೆಮಾತಿನ ನಿಷೇಧ

ನಾಲ್ಕನೆಯ ಭಾಗದ ಲೆಕ್ಕವನ್ನು ಮತ್ತೆ ಇಲ್ಲಿಗೆ ತರೋಣ. ಮಗುವಿಗೆ ಮಾತನಾಡುವ ಅವಕಾಶ ದೊರೆಯುವುದು ಜೋಡಿ ಮತ್ತು ಗುಂಪು ಚಟುವಟಿಕೆಗಳಲ್ಲಿ. ಆದರೆ ಒಂದು ಚಟುವಟಿಕೆಯ ಒಳಗೆ ಎರಡು ಬಗೆಯ ಮಾತುಗಳಿರುತ್ತವೆ. ಚಟುವಟಿಕೆಯ ಫಲವಾಗಿ ಬರಬೇಕಾದ ಮಾತು ಒಂದು. ಅದನ್ನು ನಡೆಸಿಕೊಂಡು ಹೋಗಲು ಬೇಕಾದ ಮಾತು ಇನ್ನೊಂದು. ‘ಅಂಗಡಿಯವನು ನೀನಾಗು, ನಾನು ಕೊಳ್ಳುತ್ತೇನೆ’, ‘ಈ ಪದಕ್ಕೆ ಅರ್ಥವೇನು’, ‘ಈಗ ನಿನ್ನ ಸರದಿ’ ಇವೆಲ್ಲ ಎರಡನೆಯ ಬಗೆಯವು. ಮೊದಲನೆಯದನ್ನು ಇಂಗ್ಲಿಷಿನಲ್ಲಿ ಅಭ್ಯಾಸ ಮಾಡಿಸಬಹುದು. ಎರಡನೆಯದಕ್ಕೆ ಬೇಕಾದ ಇಂಗ್ಲಿಷ್ ಆರಂಭಿಕ ಹಂತದ ಮಗುವಿನಲ್ಲಿ ಇರುವುದೇ ಇಲ್ಲ. ಮನೆಮಾತನ್ನು ನಿಷೇಧಿಸಿದಾಗ ಎರಡನೆಯ ಬಗೆಯ ಮಾತು ನಿಲ್ಲುತ್ತದೆ, ಅದರೊಡನೆ ಮೊದಲನೆಯದೂ ನಿಲ್ಲುತ್ತದೆ. ಆಗ ಬೋಧಕರು ಮತ್ತೆ ಇಡೀ ಗುಂಪಿನ ಪಾಠಕ್ಕೆ ಮರಳುತ್ತಾರೆ. ಮಗುವಿನ ಪಾಲು ಹತ್ತು ನಿಮಿಷಗಳಿಂದ 80 ಸೆಕೆಂಡುಗಳಿಗೆ ಇಳಿಯುತ್ತದೆ. ಇಂಗ್ಲಿಷ್ ಮಾತು ಹೆಚ್ಚಲೆಂದು ಮಾಡಿದ ನಿಯಮವೇ ಅದನ್ನು ಕಡಿಮೆ ಮಾಡುವ ಬಗೆ ಇದು.

ಆಂಟೋನ್ ಮತ್ತು ಡಿಕಮಿಲ್ಲಾ (1998), ಸ್ವೇನ್ ಮತ್ತು ಲ್ಯಾಪ್ಕಿನ್ (2000) ಮೊದಲಾದವರು ಜೋಡಿಯಾಗಿ ಕೆಲಸ ಮಾಡುವ ವಿದ್ಯಾರ್ಥಿಗಳ ಸಂಭಾಷಣೆಯನ್ನು ವಿಶ್ಲೇಷಿಸಿ, ಪ್ರಥಮ ಭಾಷೆಯು ಕೆಲಸವನ್ನು ಅರ್ಥಮಾಡಿಕೊಳ್ಳಲು, ಹಂಚಿಕೊಳ್ಳಲು, ದ್ವಿತೀಯ ಭಾಷೆಯ ರೂಪದತ್ತ ಗಮನ ಸೆಳೆಯಲು ಬಳಕೆಯಾಗುವುದನ್ನು ತೋರಿಸಿದ್ದಾರೆ. ವಿವಿಯನ್ ಕುಕ್ (1991) ಅವರ ‘ಬಹುಸಾಮರ್ಥ್ಯ’ ಪರಿಕಲ್ಪನೆಯ ಪ್ರಕಾರ ಎರಡು ಭಾಷೆಗಳು ಒಂದೇ ಮನಸ್ಸಿನಲ್ಲಿ ಒಂದು ಸಂಯುಕ್ತ ವ್ಯವಸ್ಥೆಯಾಗಿ ನೆಲೆಸಿರುತ್ತವೆ. ನಿಯಮದ ಬಲದಿಂದ ಒಂದನ್ನು ಬಾಗಿಲಾಚೆ ನಿಲ್ಲಿಸಬಹುದೆಂಬುದು ಭ್ರಮೆ. ತುಟಿಯ ಮೇಲೆ ಬಾರದಿದ್ದರೂ ಕೊರಿಯನ್ ಮಗುವಿನ ಮನಸ್ಸಿನಲ್ಲಿ ಅದು ಕೆಲಸ ಮಾಡುತ್ತಲೇ ಇರುತ್ತದೆ.

ಸಂಬೋಧನೆಯ ರೂಪಗಳು ಇದಕ್ಕೆ ಒಳ್ಳೆಯ ನಿದರ್ಶನ. ಕೊರಿಯಾದ ಮಕ್ಕಳು ಶಿಕ್ಷಕರನ್ನು ಹೆಸರಿನಿಂದ ಕರೆಯುವುದಿಲ್ಲ, ‘ಸೊನ್‌ಸೆಂಗ್‌ನಿಮ್’ ಎನ್ನುತ್ತಾರೆ. ಶಿಬಿರದಲ್ಲಿ ಅದನ್ನೇ ಅನುವಾದಿಸಿ ‘ಟೀಚರ್’ ಎಂದು ಕೂಗುತ್ತಾರೆ. ಇಂಗ್ಲಿಷ್ ಮಾತೃಭಾಷೆಯ ಬೋಧಕರ ಕಿವಿಗೆ ಅದು ವಿಚಿತ್ರವಾಗಿ ಕೇಳುತ್ತದೆ. ‘ಟೀಚರ್’ ಎಂದೇ ಕರೆಯುತ್ತ ಬೆಳೆದ ಕನ್ನಡದ ಮಗುವಿಗೆ ಸಹಜವಾಗಿಯೇ ಕೇಳುತ್ತದೆ. ಒಂದೆರಡು ವರ್ಷ ಹಿರಿಯನಾದ ಹುಡುಗನನ್ನು ಕಿರಿಯ ಹುಡುಗ ‘ಹ್ಯೊಂಗ್’ ಎಂದು, ಹಿರಿಯ ಹುಡುಗಿಯನ್ನು ಕಿರಿಯ ಹುಡುಗಿ ‘ಒನ್ನಿ’ ಎಂದು ಕರೆಯುವುದು ಅಲ್ಲಿಯ ಮರ್ಯಾದೆ. ನಮ್ಮ ‘ಅಣ್ಣ’, ‘ಅಕ್ಕ’ಗಳಂತೆ. ಶಿಬಿರದಲ್ಲಿ ಮಕ್ಕಳಿಗೆ ಇಂಗ್ಲಿಷ್ ಹೆಸರುಗಳನ್ನಿಟ್ಟು ಎಲ್ಲರೂ ಎಲ್ಲರನ್ನೂ ಹೆಸರಿನಿಂದ ಕರೆಯಬೇಕೆಂದಾಗ ಕೆಲವರಿಗೆ ಅದು ಬಿಡುಗಡೆ, ಕೆಲವರಿಗೆ ಸಂಕೋಚ. ಹಿರಿಯಳನ್ನು ಏನೆಂದು ಕರೆಯಬೇಕೆಂದು ತಿಳಿಯದೆ ಸುಮ್ಮನಾಗುವ ಮಗು ಇಂಗ್ಲಿಷ್ ಬಾರದ್ದರಿಂದ ಸುಮ್ಮನಾಗಿದೆಯೆಂದು ದಾಖಲಾಗುತ್ತದೆ. ಈ ವ್ಯತ್ಯಾಸವನ್ನು ಗುರುತಿಸಲು ಕೊರಿಯನ್ ಬಲ್ಲ ಒಬ್ಬರಾದರೂ ಕೋಣೆಯಲ್ಲಿರಬೇಕು.

7. ಬೋಧಕರು ಯಾರು?

ಕೊರಿಯಾದ ವೀಸಾ ನಿಯಮಗಳು ಇಂಗ್ಲಿಷ್ ಸಂಭಾಷಣೆಯ ಬೋಧಕರಿಗೆ ನೀಡುವ ಇ-2 ವೀಸಾವನ್ನು ಸಾಮಾನ್ಯವಾಗಿ ಏಳು ದೇಶಗಳ ನಾಗರಿಕರಿಗೆ ಮೀಸಲಿಟ್ಟಿವೆ: ಅಮೆರಿಕ, ಬ್ರಿಟನ್, ಕೆನಡಾ, ಐರ್ಲೆಂಡ್, ಆಸ್ಟ್ರೇಲಿಯಾ, ನ್ಯೂಜಿಲೆಂಡ್ ಮತ್ತು ದಕ್ಷಿಣ ಆಫ್ರಿಕಾ. ಹೀಗೆ ‘ಮಾತೃಭಾಷಿಕ’ ಎಂಬ ಭಾಷಾವೈಜ್ಞಾನಿಕ ಪರಿಭಾಷೆ ಪಾಸ್‌ಪೋರ್ಟಿನ ವಿಷಯವಾಗುತ್ತದೆ. ಇದರಲ್ಲಿರುವ ವಿರೋಧಾಭಾಸವೊಂದನ್ನು ಗಮನಿಸಬೇಕು. ಖರ್ಚು ಕಡಿಮೆಯೆಂಬ ಕಾರಣದಿಂದ ಕೊರಿಯಾದ ಅನೇಕ ಪೋಷಕರು ಮಕ್ಕಳನ್ನು ಫಿಲಿಪ್ಪೀನ್ಸಿನ ಇಂಗ್ಲಿಷ್ ಶಿಬಿರಗಳಿಗೆ ಕಳುಹಿಸುತ್ತಾರೆ. ಅಲ್ಲಿ ಆ ಮಕ್ಕಳಿಗೆ ಇಂಗ್ಲಿಷ್ ಕಲಿಸುವ ಫಿಲಿಪ್ಪೀನಿ ಶಿಕ್ಷಕಿ ಕೊರಿಯಾಕ್ಕೆ ಬಂದು ಅದೇ ಮಕ್ಕಳಿಗೆ ಕಲಿಸಲು ಹೊರಟರೆ ಏಳು ದೇಶಗಳ ಪಟ್ಟಿಯಲ್ಲಿ ಅವಳ ದೇಶವಿಲ್ಲ. ಬೋಧನೆಯ ಗುಣ ಸಮುದ್ರ ದಾಟಿದೊಡನೆ ಬದಲಾಗುವುದಿಲ್ಲವಾದುದರಿಂದ ಈ ಗೆರೆಗೆ ಶೈಕ್ಷಣಿಕ ಸಮರ್ಥನೆ ಕಷ್ಟ.

ಭಾರತದ ಮಟ್ಟಿಗೆ ಒಂದು ಕಿರುಬಾಗಿಲು ತೆರೆದಿದೆ. 2010ರ ಜನವರಿ 1ರಂದು ಜಾರಿಗೆ ಬಂದ ಭಾರತ-ಕೊರಿಯಾ ಸಮಗ್ರ ಆರ್ಥಿಕ ಸಹಭಾಗಿತ್ವ ಒಪ್ಪಂದವು ಅರ್ಹತೆಯುಳ್ಳ ಭಾರತೀಯರು ಶಾಲೆಗಳಲ್ಲಿ ಇಂಗ್ಲಿಷ್ ಸಹಾಯಕ ಶಿಕ್ಷಕರಾಗಲು ಅವಕಾಶ ನೀಡುತ್ತದೆ. ಅವರಿಂದ ಬೋಧನೆಯ ಅರ್ಹತಾಪತ್ರವನ್ನು ಅದು ಕೇಳುತ್ತದೆ. ಏಳು ದೇಶಗಳವರಿಗೆ ಬಹುಮಟ್ಟಿಗೆ ಯಾವುದಾದರೂ ವಿಷಯದ ಪದವಿ ಸಾಕಾಗಿರುವೆಡೆ ಈ ವ್ಯತ್ಯಾಸ ತಾನೇ ಅರ್ಥವನ್ನು ಹೇಳುತ್ತದೆ. ಆದರೆ ಆಲೋಚಿಸಿ ನೋಡಿದರೆ ಕೇಳಬೇಕಾದ ಅರ್ಹತೆ ಅದೇ, ಎಲ್ಲರಿಂದಲೂ ಕೇಳಬೇಕಾದದ್ದು.

ಪೀಟರ್ ಮೆಡ್ಜೆಶ್ (1994) ವಾದಿಸಿದಂತೆ, ಇಂಗ್ಲಿಷನ್ನು ತಾನೂ ಕಲಿತು ಬಲ್ಲ ಶಿಕ್ಷಕರಿಗೆ ಕೆಲವು ಸಹಜ ಅನುಕೂಲಗಳಿವೆ. ಅವರು ಯಶಸ್ವೀ ಕಲಿಕೆಗೆ ಕಣ್ಣೆದುರಿನ ಮಾದರಿ. ತೊಡಕುಗಳನ್ನು ಮುಂಚಿತವಾಗಿ ಊಹಿಸಬಲ್ಲರು. ಮಕ್ಕಳ ಮಾತೃಭಾಷೆಯನ್ನು ಬಲ್ಲವರಾದರೆ ಅದನ್ನು ಬಳಸಬಲ್ಲರು. ಕೊರಿಯಾದ ಶಾಲೆಗಳ ಜೊತೆಬೋಧನೆಯ ಪದ್ಧತಿಯಲ್ಲಿ ಈ ಅನುಕೂಲ ಒಳಗೊಂಡಿದೆ. ಆದರೆ ರಜೆ ಬಂದೊಡನೆ ಹಲವೆಡೆ ಹೊರದೇಶದ ಶಿಕ್ಷಕರು ಒಬ್ಬರೇ ಶಿಬಿರ ನಡೆಸುತ್ತಾರೆ. ಜೊತೆಯವರ ಅಗತ್ಯ ಅತ್ಯಧಿಕವಾಗಿರುವ ಕಾಲದಲ್ಲೇ ಜೊತೆ ತಪ್ಪುತ್ತದೆ.

8. ತಿದ್ದುವ ಕ್ರಮ

ಶಿಬಿರದ ಬೋಧಕರಿಗೆ ನೀಡುವ ಅಲ್ಪ ತರಬೇತಿಯಲ್ಲಿ ಪದೇ ಪದೇ ಕೇಳುವ ಸಲಹೆ, ಮಕ್ಕಳನ್ನು ನೇರವಾಗಿ ತಿದ್ದಬೇಡಿ, ಸರಿಯಾದ ರೂಪವನ್ನು ನೀವು ಆಡಿ ತೋರಿಸಿ ಎಂಬುದು. ‘ಹಿ ಗೋ’ ಎಂದ ಮಗುವಿಗೆ ‘ಯೆಸ್, ಹಿ ಗೋಸ್’ ಎಂದು ಉತ್ತರಿಸುವ ಈ ಕ್ರಮವನ್ನು ತಿದ್ದಿದ ಮರುನುಡಿ ಎನ್ನೋಣ. ಲಿಸ್ಟರ್ ಮತ್ತು ರಾಂಟಾ (1997) ಕೆನಡಾದ ನಾಲ್ಕು ಫ್ರೆಂಚ್ ತರಗತಿಗಳಲ್ಲಿ ನಡೆಸಿದ ಅಧ್ಯಯನದಲ್ಲಿ ಶಿಕ್ಷಕರ ತಿದ್ದುವಿಕೆಯಲ್ಲಿ ಶೇ. 55 ಇಂತಹ ಮರುನುಡಿಗಳೇ ಆಗಿದ್ದವು. ಆದರೆ ಅವುಗಳಲ್ಲಿ ಶೇ. 31ಕ್ಕೆ ಮಾತ್ರ ಮಕ್ಕಳಿಂದ ಯಾವುದಾದರೂ ಪ್ರತಿಕ್ರಿಯೆ ಬಂತು. ಸರಿಯಾದ ರೂಪವನ್ನು ಮಕ್ಕಳಿಂದಲೇ ಹೊರಡಿಸಲು ಪ್ರಯತ್ನಿಸಿದಾಗಲಾದರೋ ಪ್ರತಿ ಸಲವೂ ಪ್ರತಿಕ್ರಿಯೆ ಬಂದಿತ್ತು. ಮರುನುಡಿಯನ್ನು ಮಗು ‘ಹೌದು’ ಎಂಬ ಒಪ್ಪಿಗೆಯಾಗಿ ಕೇಳಿಸಿಕೊಳ್ಳುವುದು ಇದಕ್ಕೊಂದು ಕಾರಣ.

ಹಾಗೆಂದು ಮರುನುಡಿ ವ್ಯರ್ಥವೆನ್ನಲಾಗದು. ತಕ್ಷಣ ಪ್ರತಿಕ್ರಿಯಿಸದ ಮಗುವೂ ಒಳಗೇ ಗಮನಿಸಿರಬಹುದು. ಶಿಬಿರಕ್ಕೆ ನಮ್ಮ ಸೂಚನೆ ಮಿತವಾದುದು: ದಿನದ ಚಟುವಟಿಕೆಗೆ ಅಗತ್ಯವಾದ ಒಂದೆರಡು ಸಿದ್ಧನುಡಿಗಳಲ್ಲಿ ತಪ್ಪಿದಾಗ ಮಗುವಿನಿಂದಲೇ ಸರಿಯಾದ ರೂಪ ಹೊರಡಿಸಬೇಕು, ಆರ್ಟಿಕಲ್, ಬಹುವಚನಗಳಂತಹ ತಡವಾಗಿ ದಕ್ಕುವ ಅಂಶಗಳನ್ನು ಮರುನುಡಿಗೆ ಬಿಟ್ಟು ಮುಂದೆ ಸಾಗಬೇಕು.

9. ಏನನ್ನು ಅಳೆಯಬೇಕು?

ಶಿಬಿರದ ಮೊದಲ ದಿನ ಮತ್ತು ಕೊನೆಯ ದಿನ ಒಂದೇ ಪದಪರೀಕ್ಷೆ ನಡೆಸಿ ಅಂಕಗಳ ಏರಿಕೆಯನ್ನು ಪೋಷಕರಿಗೆ ತೋರಿಸುವುದು ಅನುಕೂಲಕರವಾದ ವಿಧಾನ. ಅದು ಹತ್ತು ದಿನಗಳ ಸ್ಮರಣೆಯನ್ನು ಅಳೆಯುತ್ತದೆ. ಸಂಶೋಧನ ವಿದ್ಯಾರ್ಥಿಗಳು ಕೈಗೊಳ್ಳಬಹುದಾದ ಮಾಪನಗಳು ಬೇರೆ ಇವೆ: ಬೋಧಕರು ಕೇಳದೆಯೇ ಮಗು ತಾನಾಗಿ ಆರಂಭಿಸಿದ ಮಾತುಗಳ ಸಂಖ್ಯೆ, ಅರ್ಥವಾಗದಾಗ ಸುಮ್ಮನಾಗುವ ಬದಲು ಮರಳಿ ಕೇಳಿದ ಸಂದರ್ಭಗಳು, ಒಂದು ಸಿದ್ಧನುಡಿಯ ಒಳಗೆ ಬದಲಾದ ಪದಗಳ ವೈವಿಧ್ಯ, ಗುಂಪುಕೆಲಸದಲ್ಲಿ ಮನೆಮಾತು ಬಳಕೆಯಾದ ಉದ್ದೇಶ. ಇವುಗಳನ್ನು ಧ್ವನಿಮುದ್ರಣದ ಮೂಲಕ ದಾಖಲಿಸಿ, ಶಾಲೆ ಮತ್ತೆ ಆರಂಭವಾಗಿ ಕೆಲವು ತಿಂಗಳುಗಳಾದ ಮೇಲೆ ತರಗತಿಯಲ್ಲಿ ಅದೇ ಮಗುವನ್ನು ಮತ್ತೆ ಗಮನಿಸಬೇಕು. ಶಿಬಿರದ ಫಲ ಉಳಿದಿದ್ದರೆ ಅದು ಅಲ್ಲಿ ಕಾಣಿಸಿಕೊಳ್ಳಬೇಕು.

10. ಸಮಾರೋಪ

ಐದು ನಂಬಿಕೆಗಳಲ್ಲಿ ಯಾವುದೂ ಶಿಬಿರದ ಸೀಮಿತ ಅವಧಿಯ ಪರೀಕ್ಷೆಯಲ್ಲಿ ಹಾಗೆಯೇ ಉಳಿಯುವುದಿಲ್ಲ. ಬೇಗ ಆರಂಭಿಸಿದವರ ಲಾಭ ಅಪಾರ ಒಡನಾಟವಿದ್ದಲ್ಲಿ ಮಾತ್ರ ಸಲ್ಲುತ್ತದೆ. ಗಂಟೆಗಳ ಹೆಚ್ಚಳಕ್ಕಿಂತ ಮಾತಿನ ಹಂಚಿಕೆ ಮುಖ್ಯ. ಮನೆಮಾತಿನ ನಿಷೇಧವು ಮಗುವಿನ ಇಂಗ್ಲಿಷ್ ಮಾತನ್ನೇ ಕಡಿಮೆ ಮಾಡಬಲ್ಲದು. ಬೋಧಕರ ಪಾಸ್‌ಪೋರ್ಟು ಅವರ ತರಬೇತಿಯ ಸ್ಥಾನವನ್ನು ತುಂಬಲಾರದು. ಇಷ್ಟಾದರೂ ಶಿಬಿರಗಳು ನಿರರ್ಥಕವೆಂಬ ತೀರ್ಮಾನಕ್ಕೆ ನಾವು ಬರುವುದಿಲ್ಲ. ಆಟದ ನಡುವೆ ನಾಲ್ಕು ನುಡಿಗಳನ್ನು ತನ್ನದಾಗಿಸಿಕೊಂಡು, ತಿಳಿಯದುದನ್ನು ಕೇಳುವ ಧೈರ್ಯ ಪಡೆದು ಶಾಲೆಗೆ ಮರಳುವ ಮಗು ಗಳಿಸಿದ್ದು ಕಡಿಮೆಯೇನಲ್ಲ.

ಪ್ರಶ್ನೆ ಇರುವುದು ಭರವಸೆಯ ಅಳತೆಯಲ್ಲಿ. ಹತ್ತು ದಿನಗಳಲ್ಲಿ ನಿರರ್ಗಳ ಇಂಗ್ಲಿಷ್ ಎಂದು ಮಾತುಕೊಟ್ಟಾಗ, ಅದು ಸುಳ್ಳಾದ ಹೊರೆ ಸಂಘಟಕರ ಮೇಲೆ ಬೀಳುವುದಿಲ್ಲ. ಇಷ್ಟು ಖರ್ಚು ಮಾಡಿದರೂ ಬಾಯಿ ಬಿಡಲಿಲ್ಲ ಎಂಬ ಮಾತನ್ನು ಮನೆಯಲ್ಲಿ ಕೇಳಿಸಿಕೊಳ್ಳುವುದು ಮಗು. ಏಪ್ರಿಲ್-ಮೇ ರಜೆಯಲ್ಲಿ ಕರ್ನಾಟಕದ ನಗರಗಳಲ್ಲಿ ಸ್ಪೋಕನ್ ಇಂಗ್ಲಿಷ್ ಶಿಬಿರಗಳಿಗೆ ಹೋಗುವ ಕನ್ನಡದ ಮಕ್ಕಳ ವಿಚಾರದಲ್ಲಿಯೂ ಇದೇ ಪ್ರಶ್ನೆಗಳನ್ನು ಕೇಳಬಹುದಾಗಿದೆ. ರಚನೆಯಲ್ಲಿ ಇಷ್ಟು ಹತ್ತಿರವಿರುವ ಎರಡು ಭಾಷೆಗಳ ಮಕ್ಕಳನ್ನು ಒಂದೇ ಮಾಪನದಿಂದ ಹೋಲಿಸುವ ಅಧ್ಯಯನ ಕೈಗೊಂಡರೆ, ಮನೆಮಾತಿನಿಂದ ಬರುವ ತೊಡಕು ಯಾವುದು, ಶಿಬಿರದ ನಿಯಮದಿಂದ ಬರುವ ತೊಡಕು ಯಾವುದು ಎಂಬುದನ್ನು ಬೇರ್ಪಡಿಸಿ ನೋಡಲು ಸಾಧ್ಯವಾಗುತ್ತದೆ.